ಉಲ್ಟಾ ಸಾಲು ಪವಿಯದು

ನವೆಂಬರ್ 11, 2024, ಸೋಮವಾರ

ಮತ್ತೆ ಬಿಚ್ಚಿದೆ. ತಿಂಡಿ ಪಾತ್ರೆ ತೊಳೆದು, ಬಟ್ಟೆ ಒಣಹಾಕಿ, ಕೂತು ಹೆಣೆದದ್ದಷ್ಟನ್ನೂ ಊಟದ ಹೊತ್ತಿಗೆ ಸರಸರ ಎಳೆದು ಉಂಡೆ ಕಟ್ಟಿದ್ದಾಯಿತು. ಲೇಸ್ ಅಂದಮೇಲೆ ಕಿಂಡಿ ಕಿಂಡಿಯಲ್ಲೂ ಬೆಳಕು ಕಾಣಬೇಕು. ಇದು ಗೋಣಿಚೀಲದ ಹಾಗೆ ಬಿಗಿದುಕೊಂಡು ಕೂತಿದೆ. ಇವರು ಪೇಪರಿನಿಂದ ತಲೆ ಎತ್ತಿ, ಹೆಣೆಯುವುದಕ್ಕಿಂತ ಬಿಚ್ಚುವುದರಲ್ಲೇ ನಿನ್ನ ಕೈ ಚುರುಕು ಅಂದರು. ರಿಟೈರ್ ಆದಮೇಲೆ ವಿನ್ಸೆಂಟ್ ಸಾಹೇಬರಿಗೆ ನನ್ನ ಮೇಲೆ ಕಾಮೆಂಟ್ರಿ ಹೇಳುವುದೇ ಡ್ಯೂಟಿ. ಸಾರಿಗೆ ಉಪ್ಪು ಕಮ್ಮಿ ಹಾಕಿದೆ.

ಹೆಣೆಯುತ್ತಿರುವುದು ಪವಿಗೆ, ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡಿದವಳಿಗೆ. ಅವಳಿಗೆ ಗೊತ್ತಿಲ್ಲ. ನೇರಳೆ ಉಲ್ಲನ್, ತೋಳಿಲ್ಲದ ಲೇಸ್ ಕೋಟು, ಶಾಲ್ ಕಾಲರ್ — ಕುತ್ತಿಗೆಯ ಹಿಂದಿನಿಂದ ಮಡಚಿಕೊಂಡು ಬಂದು, ಶಾಲು ಹೊದ್ದ ಹಾಗೆ ಎದೆಯ ಎರಡೂ ಕಡೆ ಇಳಿಯುತ್ತದಲ್ಲ, ಅದು. ಮಳೆಗಾಲದಲ್ಲಿ ಆಪರೇಷನ್ ಆಯಿತು ಅವಳಿಗೆ. ಎಡಗಡೆಯ ಎದೆ ಪೂರ್ತಿ ತೆಗೆದರು. ರಿಪೋರ್ಟು ಚೆನ್ನಾಗಿದೆ, ಇನ್ನೇನೂ ಭಯವಿಲ್ಲ ಅಂದಿದ್ದಾರೆ ಡಾಕ್ಟರು. ದೇವರ ದಯ. ಆದರೆ ಎಡಗೈ ಊದಿಕೊಂಡಿದೆ, ಸ್ವೆಟರಿನ ತೋಳು ಹತ್ತುವುದಿಲ್ಲ. ಅದಕ್ಕೇ ತೋಳಿಲ್ಲದ್ದು.

ಆಸ್ಪತ್ರೆಗೆ ಬಿಟ್ಟರೆ ಹೂಟಗಳ್ಳಿ ಮನೆಯ ಹೊಸ್ತಿಲು ದಾಟಿಲ್ಲ ಅವಳು. ಗೇಟಿಗೆ ಸೊಪ್ಪಿನವನು ಬಂದರೂ ವಯಸ್ಸಾದ ಅತ್ತೆಯೇ ಎದ್ದು ಹೋಗಬೇಕು. ನಿನ್ನೆ ಅವಳ ಗಂಡ ಶಿವಪ್ರಕಾಶ್ ಫೋನ್ ಮಾಡಿದ್ದರು. ಮಗ ಲಿಖಿತನ ನಿಶ್ಚಿತಾರ್ಥ ಫೆಬ್ರವರಿಯ ಮೊದಲ ಭಾನುವಾರ ಗೊತ್ತಾಗಿದೆಯಂತೆ. ಇವಳು ಬರುವುದಿಲ್ಲ ಎಂದು ಕೂತಿದ್ದಾಳಂತೆ. ಬಂದವರೆಲ್ಲ ಹೆಣ್ಣನ್ನು ಬಿಟ್ಟು ನನ್ನ ಎದೆ ನೋಡ್ತಾರೆ, ನೀವೇ ಮುಗಿಸ್ಕೊಂಡು ಬನ್ನಿ ಅಂದಳಂತೆ. ಒಬ್ಬನೇ ಮಗ. ತಾಯಿ ಇದ್ದೂ ಇಲ್ಲದ ಹಾಗೆ ಅವನು ಹೋಗಿ ಕೂರಬೇಕಾ?

"ನನ್ ಮಾತು ಬಿಡಿ, ನೀವು ಹೇಳಿದ್ರೆ ಕೇಳ್ತಾಳೆ ಕಣ್ರೀ" ಅಂದರು ಆ ಮನುಷ್ಯ. ಆಗಲಿ ಅಂದುಬಿಟ್ಟೆ. ಹೇಳುವುದು ನನಗೆ ಬರುವುದಿಲ್ಲ. ಹೆಣೆಯುವುದು ಬರುತ್ತದೆ. ಬರುತ್ತಿತ್ತು…

ನವೆಂಬರ್ 14, ಗುರುವಾರ, ಮಧ್ಯಾಹ್ನ

ಹೊಳೆಯಿತು. ಅನ್ನಕ್ಕೆ ಇಟ್ಟವಳು ಹಾಗೇ ನಿಂತುಬಿಟ್ಟೆ.

ಈ ಡಿಸೈನನ್ನು ನಾನು ಒಬ್ಬಳೇ ಹೆಣೆದದ್ದೇ ಇಲ್ಲ. ಯಾವತ್ತೂ!

ಫಸ್ಟ್ ಶಿಫ್ಟ್ ಬಸ್ಸು. ಕೆಸರೆಯಿಂದ ಹೆಬ್ಬಾಳದ ಕಾರ್ಖಾನೆಗೆ. ಪವಿ ಆಗ ನಮ್ಮ ಹಿಂದಿನ ಬೀದಿಯಲ್ಲೇ ಬಾಡಿಗೆಗಿದ್ದಳು. ಡಿಸೆಂಬರ್ ಚಳಿ, ಹೊರಗೆ ಇನ್ನೂ ಕತ್ತಲು, ಕಿಟಕಿಯ ಗಾಜು ಮುಚ್ಚಿದರೂ ಎಲ್ಲಿಂದಲೋ ಗಾಳಿ. ನಮ್ಮಿಬ್ಬರಿಗೋಸ್ಕರ ಕಂಡಕ್ಟರ್ ಹಿಂದಿನ ಲೈಟು ಆರಿಸುತ್ತಿರಲಿಲ್ಲ. ಒಂದೇ ಜೊತೆ ಕಡ್ಡಿ. ಕಿಂಡಿ ಬೀಳುವ ಸೀದಾ ಸಾಲು ನಾನು ಹೆಣೆದು ಅವಳ ಮಡಿಲಿಗೆ ಇಡುತ್ತಿದ್ದೆ. ಅವಳು ತಿರುಗಿಸಿಕೊಂಡು ಉಲ್ಟಾ ಸಾಲು ಮುಗಿಸಿ ನನಗೆ ಕೊಡುತ್ತಿದ್ದಳು. ಬಲಗಡೆ ಸೀಟು ನನ್ನದು, ಎಡಗಡೆ ಅವಳದು. ಬೇರೆ ಯಾರಾದರೂ ಬಂದು ಕೂತರೆ ಅವತ್ತು ಕೆಲಸ ಬಂದ್. ಕಿಂಡಿ ಸಾಲನ್ನು ಅವಳು ಕಲಿಯಲೇ ಇಲ್ಲ — ನಿನ್ನ ಲೆಕ್ಕ ನಂಗೆ ತಲೆನೋವು ಅನ್ನುತ್ತಿದ್ದಳು. ಉಲ್ಟಾ ಸಾಲು ನಾನು ಮುಟ್ಟಲೇ ಇಲ್ಲ.

ನನ್ನದು ಬಿಗಿ ಕೈ. ಕಲಿಸಿದವರು ನಮ್ಮಮ್ಮ ಅಮಲಮೇರಿ. ಕುಣಿಕೆ ಸಡಿಲವಾದರೆ ಬೆರಳ ಗಂಟಿನ ಮೇಲೆ ಕಡ್ಡಿಯಲ್ಲೇ ಒಂದು ಬೀಳುತ್ತಿತ್ತು. ಪವಿಯದು ಸಡಿಲ ಕೈ. ನಾನು ಬಿಗಿದ ಕಿಂಡಿಯನ್ನು ಹಿಂದಿನಿಂದ ಅವಳ ಸಾಲು ಅರಳಿಸುತ್ತಿತ್ತು. ತಂತಿ ಸುತ್ತುವ ನಮ್ಮ ಇಡೀ ಕಾಯಿಲ್ ಸೆಕ್ಷನ್ನು ನನ್ನ ಕೈಚಳಕವನ್ನು ಹೊಗಳುತ್ತಿತ್ತು. ನಾನೂ ಹೌದೌದು ಅಂತ ತಲೆ ಆಡಿಸಿದೆ. ಎಷ್ಟು ಜಂಭ ನನಗೆ.

ಇಬ್ಬರೂ ಸೇರಿ ಮೊದಲು ಹೆಣೆದದ್ದೇ ಅವಳಿಗೆ. ಮದುವೆಯಾಗಿ ಬಂದ ಹೊಸತು, ಕೆಲಸಕ್ಕೆ ಸೇರಿದ ಹೊಸತು, ಮೈಮೇಲೆ ಸ್ವೆಟರಿಲ್ಲದೆ ಬಸ್ಸಿನಲ್ಲಿ ಹಲ್ಲು ಕಟಕಟ ಅನ್ನಿಸುತ್ತಿದ್ದಳು. ಇದೇ ಲೇಸ್, ಇದೇ ಕಾಲರ್. ಹಾಕಿಕೊಂಡ ದಿನ ಕಾರ್ಖಾನೆ ಗೇಟಿನಲ್ಲಿ ಸುತ್ತು ತಿರುಗಿ ತೋರಿಸಿದ್ದಳು, ಸೆಕ್ಯುರಿಟಿಯವನು ನೋಡುತ್ತಿದ್ದಾನೆ ಅನ್ನುವ ಪರಿವೆಯೂ ಇಲ್ಲದೆ. ಆ ಪವಿ ನನಗೆ ಬೇಕು.

ಅನ್ನ ಸೀದುಹೋಯಿತು.

ನವೆಂಬರ್ 24, ಭಾನುವಾರ

ಪೂಜೆ ಮುಗಿಸಿ ಚರ್ಚಿನಿಂದ ಹಾಗೇ ಹೂಟಗಳ್ಳಿಗೆ ಹೋದೆ. ಬ್ಯಾಗಿನಲ್ಲಿ ಉಲ್ಲನ್ ಇತ್ತು. ಉಲ್ಟಾ ಸಾಲು ಹೆಣೆದುಕೊಡು ಅಂತ ಕೇಳಿಯೇಬಿಡುವುದು ಅಂದುಕೊಂಡಿದ್ದೆ.

ಬಾಗಿಲು ತೆಗೆದವರು ಅವಳ ಅತ್ತೆ ಬೆಟ್ಟಮ್ಮ. ಕೈ ಹಿಡಿದುಕೊಂಡು ಮೆಲ್ಲಗೆ, "ಎಂಗಿದ್ದವ್ಳು ಎಂಗಾಗೋದ್ಲು ನೋಡವ್ವ. ಕನ್ನಡಿ ಮ್ಯಾಲೆ ಟವಲ್ ಇಳಿಬುಟ್ಟವ್ಳೆ" ಅಂದರು.

ಪವಿ ಒಳಗಿನ ರೂಮಿನಲ್ಲಿದ್ದಳು. ಹೆಗಲ ಮೇಲಿಂದ ಎದೆಗೆ ಇನ್ನೊಂದು ಟವಲ್. ಅದನ್ನು ಆಗಾಗ ಎಳೆದುಕೊಳ್ಳುವುದೇ ಕೆಲಸ. ಫಿಸಿಯೋ ಹುಡುಗಿ ಕೈ ಆಡಿಸಿ, ಹಗುರ ಕೆಲಸ ಮಾಡಿ ಅಂದಿದ್ದಾಳಂತೆ. ಮಾಡುತ್ತೀಯಾ ಅಂದೆ. ಈ ಕೈ ಸತ್ತೋಯ್ತು ಬಿಡಕ್ಕ ಅಂದಳು. ನಿಶ್ಚಿತಾರ್ಥದ ಮಾತು ತೆಗೆದೆ. ಗೋಡೆ ಕಡೆ ತಿರುಗಿಕೊಂಡಳು.

ಬ್ಯಾಗಿನ ಜಿಪ್ಪು ತೆಗೆಯಲಿಲ್ಲ ನಾನು. ಪುಕ್ಕಲಿ. ಇಡೀ ಸೆಕ್ಷನ್ನಿನಲ್ಲಿ ಸೂಪರ್‌ವೈಸರ್ ಕಾಳಯ್ಯನವರಿಗೆ ಎದುರು ಮಾತಾಡುತ್ತಿದ್ದವಳು ನಾನೊಬ್ಬಳೇ. ಈಗ ಪವಿಯ ಮುಂದೆ ಬಾಯಿ ಬಿದ್ದುಹೋಗಿತ್ತು. ಕಾಫಿ ಕುಡಿದು ಬಂದೆ.

ಡಿಸೆಂಬರ್ 4, ಬುಧವಾರ

ಉಲ್ಟಾ ಸಾಲನ್ನು ಅವಳ ಹಾಗೆ ಹೆಣೆಯಲು ನೋಡುತ್ತಿದ್ದೇನೆ. ಕಿರುಬೆರಳಿಗೆ ನೂಲು ಸುತ್ತದೆ, ಸುಮ್ಮನೆ ಬೆರಳ ಮೇಲೆ ಹರಿಯಬಿಟ್ಟು. ಅಮ್ಮ ನೋಡಿದ್ದರೆ ಕೈ ಮುರಿಯುತ್ತಿದ್ದರು. ಅರ್ಧ ಅರಳುತ್ತದೆ, ಅರ್ಧ ಮುನಿಸಿಕೊಂಡಿರುತ್ತದೆ. ಬೆನ್ನಿನ ಭಾಗ ಮುಗಿಯಿತು. ಪರವಾಗಿಲ್ಲ, ಬೆನ್ನು ತಾನೆ.

ಕಾಲರಿಗೆ ಒಂದು ಐಡಿಯಾ ಬಂದಿದೆ. ಎಡಗಡೆಯದನ್ನು ಒತ್ತೊತ್ತಾಗಿ ದಪ್ಪ ಹೆಣೆದು, ಮಡಿಕೆಯ ಒಳಗೆ ಫ್ಲಾನೆಲ್ ಬಟ್ಟೆ ಇಟ್ಟು ಹೊಲಿದರೆ ತುಂಬಿಕೊಂಡು ನಿಲ್ಲುತ್ತದೆ. ಸೀರೆಯ ಮೇಲೆ ಹಾಕಿದರೆ ಯಾವ ಬೀಗಿತ್ತಿಗೂ ಒಂಚೂರೂ ಗೊತ್ತಾಗುವುದಿಲ್ಲ. ಇವರಿಗೆ ತೋರಿಸಿದೆ. ಅವಳನ್ನು ಒಂದು ಮಾತು ಕೇಳಬಾರದಾ ಅಂದರು. ಕೇಳಿದರೆ ಬೇಡ ಅನ್ನುತ್ತಾಳೆ, ನಿಮಗೇನು ಗೊತ್ತು ಹೆಂಗಸರ ವಿಷಯ ಅಂದೆ. ನನ್ನ ತಲೆಗೆ ನಾನೇ ಶಹಭಾಸ್ ಕೊಟ್ಟುಕೊಂಡೆ.

ಡಿಸೆಂಬರ್ 23

ಮುಗಿಯಿತು. ಕಲ್‌ಕಲ್ ತಿಂಡಿ ಕರಿಯುವುದು, ಕ್ರಿಸ್‌ಮಸ್ ಗೋದಲಿಗೆ ಹುಲ್ಲು ತರಿಸುವುದು, ಮನೆ ಸಾರಿಸುವುದು — ಇದೆಲ್ಲದರ ಮಧ್ಯೆ. ಮೈ ಕೈ ನೋವು. ಆದರೂ ಖುಷಿ. ಎಡಗಡೆ ಎಷ್ಟು ಚೆನ್ನಾಗಿ ತುಂಬಿ ನಿಂತಿದೆ! ಹಬ್ಬದ ಮಾರನೇ ದಿನ ತಿಂಡಿತಟ್ಟೆಯ ಜೊತೆ ಕೊಟ್ಟುಬಿಡುವುದು.

ಡಿಸೆಂಬರ್ 26, ಗುರುವಾರ

ಕೊಡಬಾರದಿತ್ತು. ಹಾಗೆ ಕೊಡಬಾರದಿತ್ತು. ಏನೋ.

ಮೊದಲು ಮುಖ ಅರಳಿತು ಅವಳದು. ನೇರಳೆ ಅಂದರೆ ಪ್ರಾಣ. ಮಡಿಲಲ್ಲಿ ಹರಡಿಕೊಂಡು ಸವರಿದಳು. ಬೆನ್ನಿನ ಕಡೆ ನೋಡಿ, ಉಲ್ಟಾ ಸಾಲು ಯಾರು ಹೆಣೆದದ್ದು, ಇಷ್ಟು ಕೆಟ್ಟದಾಗಿ ಅಂದಳು. ನಗು ಬಂತು ಇಬ್ಬರಿಗೂ. ಅಷ್ಟರಲ್ಲಿ ಬೆರಳು ಕಾಲರಿಗೆ ಹೋಯಿತು. ಬಲಗಡೆ ಅದುಮಿದಳು. ಎಡಗಡೆ ಅದುಮಿದಳು. ತಂತಿ ಸುತ್ತಿ ಸುತ್ತಿ ಪಳಗಿದ ಬೆರಳು, ಕೂದಲೆಳೆಯಷ್ಟು ವ್ಯತ್ಯಾಸವೂ ತಪ್ಪಿಸಿಕೊಳ್ಳುವುದಿಲ್ಲ.

ಒಳಗೆ ಏನಿಟ್ಟಿದ್ದೀಯ ಅಂದಳು. ಹೇಳಿದೆ. ಫ್ಲಾನೆಲ್ಲು, ಯಾರಿಗೂ ಗೊತ್ತಾಗಲ್ಲ, ಧೈರ್ಯವಾಗಿ ಬರಬಹುದು ಅಂತೆಲ್ಲ ಒಂದೇ ಉಸಿರಿಗೆ. ಅವಳು ಕೋಟನ್ನು ನೀಟಾಗಿ ಮಡಚಿದಳು. ಬ್ಯಾಗಿಗೆ ಹಾಕಿ, ಬ್ಯಾಗನ್ನು ನನ್ನ ತೊಡೆಯ ಮೇಲೆ ಇಟ್ಟಳು.

"ಏಂಜಕ್ಕ, ಇದನ್ನ ನೀನು ನಂಗೆ ಹೆಣೆದಿಲ್ಲ. ನನ್ನ ನೋಡೋರ್ಗೆ ಹೆಣೆದಿದ್ದೀಯ."

ನನ್ನ ಸಿಟ್ಟು ನನ್ನ ಕೈಯಲ್ಲಿ ಎಲ್ಲಿ ಇರುತ್ತದೆ? ಹಾಗಾದರೆ ಇದೇ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬಿದ್ದಿರು, ನಿನ್ನ ಮಗನ ಭಾಗ್ಯ ಅಂದುಬಿಟ್ಟೆ. ಬೆಟ್ಟಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಯಾರೂ ಕುಡಿಯಲಿಲ್ಲ.

ಬಸ್ಸಿನಲ್ಲಿ ಮನೆತನಕ ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಕಷ್ಟಪಟ್ಟವಳು ನಾನು. ಬೇಕಾದರೆ ಹಾಕಿಕೊಳ್ಳಲಿ, ಬೇಡದಿದ್ದರೆ ಬಿಡಲಿ. ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಜನವರಿ 8, 2025, ಬುಧವಾರ

ಬರೆಯುವುದಕ್ಕೆ ಏನೂ ಇರಲಿಲ್ಲ. ಹೊಸ ವರ್ಷಕ್ಕೆ ಫೋನಿಲ್ಲ. ಪ್ರತಿ ವರ್ಷ ಮೊದಲ ಫೋನು ಅವಳದೇ. ನೀನೇ ಮಾಡು ಅಂದರು ಇವರು. ಅವಳೇ ಮಾಡಲಿ ಅಂದೆ. ಒಂದು ವಾರದಿಂದ ಇದೇ ಮಾತು.

ಇವತ್ತು ಬ್ಯಾಗ್ ತೆಗೆದು ಆ ಕೋಟನ್ನು ನಾನೇ ಹಾಕಿಕೊಂಡೆ. ಬೀರುವಿನ ಕನ್ನಡಿಯ ಮುಂದೆ ನಿಂತೆ. ಎಡಗಡೆ ಗಟ್ಟಿ, ಭಾರ. ಅದು ಅಲ್ಲಿದೆ ಅನ್ನುವುದನ್ನು ಒಂದು ಗಳಿಗೆಯೂ ಮರೆಯಲು ಬಿಡುವುದಿಲ್ಲ. ಉಸಿರೆಳೆದರೆ ನೆನಪಿಸುತ್ತದೆ, ಕೈ ಎತ್ತಿದರೆ ನೆನಪಿಸುತ್ತದೆ. ಇದನ್ನು ಹಾಕಿಕೊಂಡು ಅವಳು ಎರಡು ಕಡೆಯ ಜನರ ಮಧ್ಯೆ ನಗುತ್ತಾ ಓಡಾಡಬೇಕಿತ್ತಾ? ಅವಳು ಅಂದದ್ದು ನಿಜ.

ಬೆನ್ನನ್ನು ಹಾಗೇ ಬಿಟ್ಟು ಮುಂದಿನ ಎರಡೂ ಭಾಗ, ಕಾಲರು ಬಿಚ್ಚಿದೆ. ಇವರು ಎರಡೂ ಕೈ ಮುಂದೆ ಚಾಚಿ ಲಡಿ ಸುತ್ತಿಸಿಕೊಂಡರು. ಕಾಮೆಂಟ್ರಿ ಇಲ್ಲ! ಲಡಿ ತೊಳೆದು, ಸುಕ್ಕು ಹೋಗಲೆಂದು ತುದಿಗೆ ಬೀಗ ಕಟ್ಟಿ ಬಟ್ಟೆ ತಂತಿಗೆ ತೂಗುಹಾಕಿದ್ದೇನೆ. ಫ್ಲಾನೆಲ್ ಒಲೆ ಒರೆಸಲು ಆಯಿತು.

ಜನವರಿ 16, ಗುರುವಾರ

ಹೋದೆ. ತಲೆ ಹಾಕಿ ಮಲಗುವುದಿಲ್ಲ ಅಂದವಳು ನಡೆದುಕೊಂಡೇ ಹೋದೆ, ಸ್ಟಾಪಿನಿಂದ ಅವಳ ಮನೆತನಕ.

ಹೇಗಿದ್ದೀಯ ಅನ್ನಲಿಲ್ಲ. ತಪ್ಪಾಯಿತು ಅನ್ನಲಿಲ್ಲ. ಮಂಚದ ಮೇಲೆ ಅವಳ ಬಲಗಡೆ ಕೂತು ಕಿಂಡಿ ಸಾಲು ಹೆಣೆದೆ. ಮುಗಿದ ಮೇಲೆ ಅವಳ ಮಡಿಲಿಗೆ ಇಟ್ಟು ಕಿಟಕಿಯ ಕಡೆ ನೋಡುತ್ತಾ ಕೂತೆ. ಪಕ್ಕದ ಮನೆಯ ಕುಕ್ಕರ್ ಕೂಗಿ ಕೂಗಿ ನಿಂತಿತು. ಎದ್ದು ಹೋಗಲಾ ಅಂದುಕೊಂಡೆ.

"ಇಲ್ಲೊಂದು ಕುಣಿಕೆ ಬಿಟ್ಟಿದ್ದೀಯ ನೋಡು" ಅಂದಳು.

ತೆಗೆದುಕೊಂಡಳು. ಎಡಗೈ ಕಡ್ಡಿಯ ಸಮೇತ ಮಂಚಕ್ಕೆ ಇಳಿಯಿತು. ಅತ್ತೆ ಓಡಿಬಂದು ಕೈ ಕೆಳಗೆ ದಿಂಬು ಕೊಟ್ಟರು. ಎಡಗೈ ಕಡ್ಡಿ ಹಿಡಿದಿದ್ದರೆ ಸಾಕು, ಆಟವೆಲ್ಲ ಬಲಗೈಯದು. ಮೊದಲಾದರೆ ಬಸ್ಸು ಒಂದು ಸ್ಟಾಪು ದಾಟುವುದರೊಳಗೆ ಒಂದು ಸಾಲು. ಇವತ್ತು ಬೆಟ್ಟಮ್ಮ ಸೊಪ್ಪು ಬಿಡಿಸಿ, ತೊಳೆದು, ಒಲೆಗಿಟ್ಟರೂ ಮುಗಿಯಲಿಲ್ಲ. ನಾನು ಬೇಗ ಬೇಗ ಅನ್ನಲಿಲ್ಲ. ನಾಲಿಗೆ ಕಚ್ಚಿಕೊಂಡಿದ್ದೆ.

ವಾಪಸ್ ಕೊಟ್ಟಳು. ನಾನೊಂದು. ಅವಳೊಂದು. ಮತ್ತೆ ನಾನು. ಎತ್ತಿ ಕಿಟಕಿಗೆ ಹಿಡಿದೆ. ಅರಳಿತ್ತು! ಕಿಂಡಿ ಕಿಂಡಿಯಲ್ಲೂ ಬೆಳಕು. ಅತ್ತುಬಿಟ್ಟೆ. ನಾಚಿಕೆಯಿಲ್ಲದೆ, ಮೂಗು ಸೊರಗುಟ್ಟಿಸುತ್ತಾ.

ಅವಳು ಅಳಲಿಲ್ಲ. ಹೆಣೀತಿದ್ದೀನಿ ಅಷ್ಟೆ, ನಿಶ್ಚಿತಾರ್ಥಕ್ಕೆ ಬರ್ತೀನಿ ಅಂತ ಎಲ್ಲಿ ಅಂದೆ ಅಂದಳು.

ಜನವರಿ 22, ಬುಧವಾರ

ದಿನಾ ಹೋಗುತ್ತಿದ್ದೇನೆ. ಇವರಿಗೆ ಬೆಳಗಿನ ಅನ್ನವೇ ರಾತ್ರಿಗೂ. ಕೈ ಭಾರವಾದ ಕೂಡಲೇ ನಿಲ್ಲಿಸಬೇಕು ಅಂತ ಫಿಸಿಯೋ ಹುಡುಗಿ ಹೇಳಿದ್ದಾಳೆ. ನಿಲ್ಲಿಸಿದಾಗ ಮಾತು. ಇವತ್ತು ಕಾಳಯ್ಯನವರ ಸುದ್ದಿ. ಹೆಣಿಗೆ ಕಡ್ಡಿ ಸೆಕ್ಷನ್ ಒಳಗೆ ತಂದರೆ ಮೆಮೋ ಕೊಡ್ತೀನಿ ಅಂತ ಕಿತ್ತುಕೊಂಡು ಹೋದ ಮನುಷ್ಯ, ಮಾರನೇ ವಾರ ತಾವೇ ತಂದುಕೊಟ್ಟು, ಹೆಂಡತಿ ಬಸುರಿ, ಒಂದು ಮಗು ಸ್ವೆಟರ್ ಆಗುತ್ತಾ ಅಂತ ಕೇಳಿದ್ದು. ಟೋಪಿಯೂ ಬೇಕು, ಆದರೆ ಯಾರಿಗೂ ಹೇಳಬೇಡಿ ಅಂದದ್ದು. ಪವಿ ಅವರ ಧ್ವನಿ ತೆಗೆದು ಹೇಳಿ ನಗಲು ಶುರುಮಾಡಿದಳು. ಪಕ್ಕೆ ಹಿಡಿದುಕೊಂಡು ನಕ್ಕಳು. ಟವಲ್ ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ.

ನಗು ನಿಂತಮೇಲೆ, ನೀನು ಇನ್ನೂ ನೋಡಿಲ್ಲ ಅಲ್ವಾ ಅಂದಳು. ಬಾಗಿಲು ಹಾಕಿ ಬಂದು ಬ್ಲೌಸಿನ ಹುಕ್ಕು ತೆಗೆದಳು.

ನೋಡಿದೆ. ಒಂದು ಓರೆ ಗೆರೆ, ಕಂಕುಳತನಕ. ಸುತ್ತ ಚರ್ಮ ನುಣ್ಣಗೆ. ನೋವಾಗುತ್ತಾ ಅಂದೆ. ಇಲ್ಲ, ಮುಟ್ಟಿದರೂ ಗೊತ್ತಾಗಲ್ಲ ಅಂದಳು. ನನ್ನ ಕೈ ಹಿಡಿದು ಅದರ ಮೇಲೆ ಇಟ್ಟುಕೊಂಡಳು. ಬೆಚ್ಚಗಿತ್ತು. ಒಳಗೆ ಎದೆ ಹೊಡೆದುಕೊಳ್ಳುತ್ತಿತ್ತು, ನನ್ನ ಅಂಗೈಗೇ ಸಿಗುವ ಹಾಗೆ. ಇಷ್ಟು ವರ್ಷ ಭುಜಕ್ಕೆ ಭುಜ ಹಚ್ಚಿ ಕೂತವಳು, ಅವಳನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ ನಾನು.

"ಕಾಲರ್ನ ಎರಡೂ ಕಡೆ ಒಂದೇ ಥರ ಹೆಣಿಯಕ್ಕ. ಅದು ಎಂಗೆ ಕೂರುತ್ತೋ ಅಂಗೇ ಕೂರ್ಲಿ."

ಹೂಂ ಅಂದೆ.

ಜನವರಿ 31, ಶುಕ್ರವಾರ

ಕೋಟು ರೆಡಿ. ಒದ್ದೆ ಮಾಡಿ, ನಮ್ಮ ಮಂಚದ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಸುತ್ತ ಗುಂಡುಪಿನ್ನು ಚುಚ್ಚಿ ಹರಡಿ ಒಣಗಿಸಿದ್ದೆ. ಇವರು ಚಾಪೆಯ ಮೇಲೆ ಮಲಗಿ ಸೊಂಟ ಹಿಡಿದುಕೊಂಡಿದೆ ಅನ್ನುತ್ತಿದ್ದಾರೆ. ಬೆನ್ನು ನನ್ನೊಬ್ಬಳದು, ಸ್ವಲ್ಪ ಸಿಡುಕು. ಎದೆ ಇಬ್ಬರದು. ಒಂದೇ ಕೋಟಿನಲ್ಲಿ ಎರಡೂ ಕಾಣುತ್ತದೆ, ಕಣ್ಣಿದ್ದವರಿಗೆ.

ಇವತ್ತು ಹೋಗಿ ತೊಡಿಸಿ ನೋಡಿದೆ. ಬಲಗಡೆ ಕಾಲರ್ ಉಬ್ಬಿ ನಿಂತಿತು. ಎಡಗಡೆ ಒಳಕ್ಕೆ ಬಿತ್ತು. ಸರಿಮಾಡಲು ಕೈ ತುರಿಸಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಅವಳು ಕನ್ನಡಿಯ ಟವಲ್ ತೆಗೆಯಲಿಲ್ಲ. ಚೆನ್ನಾಗಿದೆ ಅಂದಳು, ತಲೆ ಬಗ್ಗಿಸಿಕೊಂಡೇ.

ನಾಡಿದ್ದು ಬರುತ್ತೀಯಾ ಅಂತ ಕೇಳಲಿಲ್ಲ. ಯಾವ ಸೀರೆ ಉಡಬೇಕೆಂದೂ ತೆಗೆದಿಟ್ಟಿಲ್ಲವಂತೆ, ಶಿವಪ್ರಕಾಶ್ ಗೇಟಿನ ಹತ್ತಿರ ಹೇಳಿದರು. ಲಿಖಿತ ಹೊರಗೆ ಬೈಕ್ ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ. ಆಂಟಿ, ಅಮ್ಮ ಬರದಿದ್ದರೆ ನಾನು ಡೇಟ್ ಮುಂದಕ್ಕೆ ಹಾಕಿಸ್ತೀನಿ ಅಂದ. ಎಷ್ಟು ಸಲ ಹಾಕಿಸುತ್ತೀಯಪ್ಪ.

ಫೆಬ್ರವರಿ 2, ಭಾನುವಾರ, ಸಂಜೆ

ಸೀರೆಯನ್ನೂ ಬದಲಾಯಿಸಿಲ್ಲ. ಹಾಗೇ ಕೂತು ಬರೆಯುತ್ತಿದ್ದೇನೆ.

ಮೊದಲ ಪೂಜೆ ಮುಗಿಸಿ ನೇರ ಹೂಟಗಳ್ಳಿಯ ಸಮುದಾಯ ಭವನಕ್ಕೆ ಹೋದೆವು. ಶಿವಪ್ರಕಾಶ್ ಬಾಗಿಲಲ್ಲಿ ನಿಂತಿದ್ದರು, ಮುಖದಲ್ಲಿ ರಕ್ತವಿಲ್ಲ. ಪವಿ ಇನ್ನೂ ಬಂದಿರಲಿಲ್ಲ. ಹೆಣ್ಣಿನ ಕಡೆಯವರು ಬಂದು ಕೂತಾಗಿತ್ತು. ತಾಯಿ ಎಲ್ಲಿ, ತಾಯಿ ಎಲ್ಲಿ ಅಂತ ಅವರ ಅಜ್ಜಿ ಎಲ್ಲರನ್ನೂ ಕೇಳುತ್ತಿದ್ದರು. ನನ್ನನ್ನೂ ಕೇಳಿದರು. ನಾನು ಜಪಸರ ಹಿಡಿದುಕೊಂಡು ಕೂತಿದ್ದೆ, ಆ ಗಲಾಟೆಯಲ್ಲೂ.

ಆಟೋ ಬಂತು. ಮೊದಲು ಬೆಟ್ಟಮ್ಮ ಇಳಿದರು. ಆಮೇಲೆ ಪವಿ. ಹಸಿರು ರೇಷ್ಮೆ, ಮೇಲೆ ನೇರಳೆ ಕೋಟು. ಕಾಲರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಯಾರ ಮುಖವನ್ನೂ ನೋಡದೆ ಬಂದು ಗಂಡನ ಪಕ್ಕ ಕೂತಳು. ಬಂದಳಲ್ಲ! ತಾಂಬೂಲ ಬದಲಾಯಿಸುವಾಗ ಕೈ ಚಾಚಬೇಕಾಯಿತು, ಕಾಲರ್ ಬಿಟ್ಟಳು. ತಟ್ಟೆ ಎಡಕ್ಕೆ ವಾಲಿತು. ಮದುವೆ ಹುಡುಗಿ ಕೆಳಗಿನಿಂದ ತನ್ನ ಕೈ ಕೊಟ್ಟು ಹಿಡಿದುಕೊಂಡಳು, ಯಾರಿಗೂ ಗೊತ್ತಾಗದ ಹಾಗೆ. ಒಳ್ಳೆಯ ಹುಡುಗಿ.

ಊಟದ ಹಾಲಿಗೆ ಶೀಟಿನ ಸೂರು. ಕರೆಂಟೂ ಹೋಯಿತು. ಎಲ್ಲರೂ ಬಾಳೆಲೆಯ ತುದಿಯಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ಪವಿ ನನ್ನ ಎದುರು ಸಾಲಿನಲ್ಲಿ ನಿಂತು ಬೀಗರನ್ನು ಕೂರಿಸುತ್ತಿದ್ದಳು. ಹಣೆಯಿಂದ ಬೆವರು ಇಳಿಯುತ್ತಿತ್ತು. ಒಂದು ಸಲ ಸುತ್ತ ನೋಡಿದಳು. ನನ್ನ ಹತ್ತಿರ ಬಂದಳು. ಅಷ್ಟು ಜನರ ಮಧ್ಯೆ, ಬಲಗೈ ತೆಗೆದಳು, ಊದಿದ ಎಡಗೈಯನ್ನು ಮೆಲ್ಲಗೆ ಬಿಡಿಸಿಕೊಂಡಳು, ಕೋಟನ್ನು ನನ್ನ ಮಡಿಲಿಗೆ ಹಾಕಿದಳು.

"ಸೆಕೆ ಕಣಕ್ಕ. ಇಟ್ಕೊಂಡಿರು."

ಮೊದಲು ನನಗೆ ಸಿಟ್ಟೇ ಬಂತು. ಎಷ್ಟು ಹೆಣೆದು, ಎಷ್ಟು ಬಿಚ್ಚಿ, ಯಾರ ಹತ್ತಿರ ಏನೇನು ಅನ್ನಿಸಿಕೊಂಡು! ಗಳಿಗೆ ಹೊತ್ತು ಹಾಕಿಕೊಳ್ಳಲಾಗಲಿಲ್ಲವಾ ಇವಳಿಗೆ? ಬಾಯಿಗೆ ಬಂದಿತ್ತು. ತಲೆ ಎತ್ತಿದೆ.

ತುಪ್ಪದ ಗಿಂಡಿ ತೆಗೆದುಕೊಂಡು ಹೋಗಿದ್ದಳು ಆಗಲೇ. ಎಲೆಯಿಂದ ಎಲೆಗೆ ಬಗ್ಗಿ ಒಬ್ಬಟ್ಟಿಗೆ ತುಪ್ಪ ಬಡಿಸುತ್ತಿದ್ದಳು. ಎಡಗಡೆ ಸೆರಗು ಚಪ್ಪಟೆ. ಕಾಣುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು. ಹೆಣ್ಣಿನ ಕಡೆಯ ಅಜ್ಜಿ ತುತ್ತು ಎತ್ತಿದ ಕೈಯಲ್ಲೇ ನೋಡುತ್ತಾ ಕೂತುಬಿಟ್ಟರು. ಅವರು ನೋಡುವುದನ್ನು ಪವಿ ನೋಡಿದಳು. ಸೆರಗು ಎಳೆದುಕೊಳ್ಳಲಿಲ್ಲ ಅವಳು. ಇನ್ನೊಂಚೂರು ಹಾಕ್ಲಾ ಅಮ್ಮ ಅಂತ ಕೇಳಿ, ಅವರು ಹೂಂ ಅನ್ನುವ ಮೊದಲೇ ಎಲೆ ತುಂಬ ಸುರಿದು, ಮುಂದಿನ ಎಲೆಗೆ ಹೋದಳು. ಲಿಖಿತ ಆ ಕೊನೆಯಿಂದ, ಅಮ್ಮ ನಂಗೆ, ನಂಗೆ ಅಂತ ಕೂಗುತ್ತಿದ್ದ. ನಿಂಗೆ ಆಮೇಲೆ, ಮೊದ್ಲು ಬೀಗ್ರಿಗೆ ಅಂದಳು. ದೊಡ್ಡ ಧ್ವನಿಯಲ್ಲಿ. ಇಡೀ ಹಾಲಿಗೆ ಕೇಳಿಸುವ ಹಾಗೆ.

ನನಗೆ ತುಪ್ಪ ಬಡಿಸುವುದನ್ನೇ ಮರೆತಳು. ಒಣ ಒಬ್ಬಟ್ಟು ತಿಂದೆ. ಕಣ್ಣು ಮಂಜಾಗಿ ಎಲೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಇವರು ಪಕ್ಕದಿಂದ ತಮ್ಮ ಎಲೆಯ ತುಪ್ಪವನ್ನೇ ಬೆರಳಲ್ಲಿ ಈ ಕಡೆ ತಳ್ಳಿದರು.

ಹೊರಡುವಾಗ ಅವಳು ಕೋಟಿನ ನೆನಪೇ ಮಾಡಲಿಲ್ಲ. ನಾನೂ ಮಾಡಲಿಲ್ಲ. ಮನೆಗೆ ಬಂದು ನೋಡಿದರೆ ಇನ್ನೂ ನನ್ನ ಕೈಯಲ್ಲೇ —

ಫೋನ್. ಪವಿಯದೇ. ನನ್ನ ಕೋಟು ನಿನ್ನ ಹತ್ರಾನೇ ಉಳೀತಲ್ಲ ಅಂದಳು. ಇವರ ಕೈಯಲ್ಲಿ ನಾಳೆ ಕಳಿಸುತ್ತೇನೆ ಅಂದೆ. ಬ್ಯಾಡ, ನಾಳೆ ನಾನೇ ಬರ್ತೀನಿ, ತಿಂಡಿಗೆ ಅಂದಳು. ಒಬ್ಬಳೇನಾ ಅಂತ ಕೇಳುವುದರೊಳಗೆ ಇಟ್ಟುಬಿಟ್ಟಳು.

ನಾಳೆ! ತಿಂಡಿಗೆ! ಮನೆ ನೋಡಿದರೆ ಹೀಗೆ ಬಿದ್ದಿದೆ, ಉದ್ದು ಕೂಡ ನೆನೆಹಾಕಿಲ್ಲ, ಕಾಯಿ ಇದೆಯೋ ಇಲ್ಲವೋ… ಏನ್ರೀ, ಅಂಗಡಿ ಮುಚ್ಚುವುದರೊಳಗೆ ಒಂದು ಕಾಯಿ ತಂದುಬಿಡಿ!